ಬರೀ ಗಾಜಿನ ಕನ್ನಡಕ

ಅಂಗಡಿಯ ಒಳಕೋಣೆಯಿಂದ,
ಮಂಗಳವಾರ, ತಾರೀಖು ಒಂಬತ್ತು, ಮಧ್ಯಾಹ್ನ

ಪ್ರೀತಿಯ ಮಗರಾಯಾ,

ಹೇಗಿದ್ದೀಯಪ್ಪಾ? ನಿನ್ನ ಹಡಗು ಈಗ ಯಾವ ನೀರಿನ ಮೇಲಿದೆಯೋ ನನಗೆ ತಿಳಿಯದು. ಕಂಪನಿಯ ವಿಳಾಸಕ್ಕೆ ಹಾಕಿದರೆ ಮುಂದಿನ ಬಂದರಿನಲ್ಲಿ ನಿನ್ನ ಕೈಸೇರುತ್ತದೆ ಎಂದು ನೀನೇ ಹೇಳಿದ್ದೆ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಗೊರಕೆರಾಯರ ಗಂಟಲು ಹೇಗಿದೆ? ಅಡುಗೆಮನೆಯ ದಪ್ಪಣ್ಣನ ಮಂಡಿನೋವು ಇಳಿಯಿತಾ? ನಿಮ್ಮ ದೊಡ್ಡ ಇಂಜಿನಿಯರು, ನೀನು ಸಿಡುಕಪ್ಪ ಎಂದು ಕರೆಯುವವರು, ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರಾ? ದಿನಾ ಅವರಿಗೆ ಮಾತ್ರೆ ನೆನಪಿಸುವ ಕೆಲಸ ನಿನ್ನದೇ ಎಂದು ಹೋದ ಕಾಗದದಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಸಂತೋಷ. ಯಾರದೋ ಒಬ್ಬರ ಮಾತ್ರೆಯ ಮೇಲಾದರೂ ನಿನಗೆ ಗೌರವವಿದೆಯಲ್ಲ.

ನೀನು ಕೇಳಿದ್ದ ಕಪ್ಪು ಗಾಜಿನ ಕನ್ನಡಕ ಸಿದ್ಧವಾಗಿದೆ. ಹೋದ ಸಲಕ್ಕಿಂತ ಗಾಢವಾಗಿರಲಿ ಅಂದಿದ್ದೆ, ಹಾಗೇ ಮಾಡಿದ್ದೇನೆ. ಕಿವಿಯ ಹಿಂದೆ ಒತ್ತದಂತೆ ಕಡ್ಡಿಯನ್ನು ಸ್ವಲ್ಪ ಬಗ್ಗಿಸಿದ್ದೇನೆ. ಈ ಕಾಗದದ ಜೊತೆಗೇ ಡಬ್ಬಿಯಲ್ಲಿ ಹಾಕಿ ಕಳಿಸುತ್ತೇನೆ. ನನ್ನ ಆರೋಗ್ಯ ಚೆನ್ನಾಗಿದೆ; ಬೆರಳ ತುದಿ ಮಾತ್ರ ಗಾಜು ಉಜ್ಜಿ ಉಜ್ಜಿ ಮರಗಟ್ಟಿದೆ, ಅದು ಇವತ್ತಿನದಲ್ಲ. ನಿನ್ನ ಹೆಂಡತಿಯ ಆರೋಗ್ಯ ಚೆನ್ನಾಗಿಲ್ಲ. ಅದನ್ನು ಹೇಳಲೆಂದೇ ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದು ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಅಪ್ಪಾ, ಸರಿಯಾಗಿ ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ" ಎಂದು ಕತ್ತರಿಸಿಬಿಡುತ್ತೀ. ಕಾಗದಕ್ಕೆ ಆ ಗುಂಡಿ ಇಲ್ಲ. ಹರಿದು ಹಾಕಬಹುದು, ನಿಜ. ಹರಿಯುವ ಮೊದಲು ಒಂದು ಸಲ ಓದು. ನಿನ್ನನ್ನು ಬೈಯುವುದಕ್ಕೆ ಕೂತಿದ್ದೇನೆ, ಪೀಠಿಕೆ ಮುಗಿಯಿತು.

ಹೋದ ತಿಂಗಳ ಮೂರನೇ ಭಾನುವಾರ ನೀನು ಫೋನ್ ಮಾಡಿದಾಗ ಸೊಸೆ ಅಂಗಡಿಯ ಮೇಜಿನ ಮುಂದೆ ಕೂತು ಒಂದು ಫ್ರೇಮಿಗೆ ತಿರುಪು ಹಾಕುತ್ತಿದ್ದಳು. ಎರಡೂ ಕೈಗೆ ಕೆಲಸವಿತ್ತು, ಆದ್ದರಿಂದ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು. ನಾನು ಗಾಜು ಉಜ್ಜುವ ಚಕ್ರದ ಹತ್ತಿರ ಇದ್ದೆ. ಪ್ರತಿಯೊಂದು ಮಾತೂ ನನಗೆ ಕೇಳಿಸಿತು ಕಣೋ. "ತಲೆನೋವಿಗೆ ತಲೆನೋವಿನ ಮಾತ್ರೆ ನುಂಗು, ಮನಸ್ಸಿನ ಮಾತ್ರೆ ಯಾಕೆ ಬೇಕು ನಿಂಗೆ? ನಾಳೆ ನನ್ನ ಹೆಂಡ್ತಿಗೆ ಹುಚ್ಚು ಅಂತಾರೆ. ತಲೆನೋವು ಯಾರಿಗೆ ಬರಲ್ಲ? ನಾವು ಸಹಿಸ್ಕೊಂಡು ಕೆಲಸ ಮಾಡಲ್ವಾ? ಇದೆಲ್ಲ ನೆಪ. ಅಷ್ಟು ಕಷ್ಟ ಆದ್ರೆ ನಿಮ್ಮಣ್ಣನ ಮನೇಗೆ ಹೋಗು, ನನ್ನಪ್ಪಂಗೆ ತೊಂದ್ರೆ ಕೊಡಬೇಡ." ಒಂದಕ್ಷರ ಬಿಟ್ಟಿದ್ದೇನಾ? ಆ ಕಡೆಯಿಂದ ನೀನು ಇಷ್ಟು ಹೇಳಿದೆ, ಈ ಕಡೆಯಿಂದ ಅವಳು "ಹೂಂ" ಎಂದಳು, ಅಷ್ಟೆ. ತಿರುಪು ಬಿಗಿದು, ಕನ್ನಡಕವನ್ನು ಒರೆಸಿ, ಗಿರಾಕಿಯ ಮೂಗಿನ ಮೇಲೆ ಕೂರಿಸಿ, "ಜಾರುತ್ತಾ ನೋಡಿ" ಎಂದು ಕೇಳಿದಳು. ಗಿರಾಕಿಗೆ ಪಾಪ ತಲೆ ಎತ್ತಲೂ ನಾಚಿಕೆ. ನಾನೂ ಬಾಯಿ ಬಿಡಲಿಲ್ಲ. ಗಂಡ ಹೆಂಡಿರ ಮಾತು, ನಡುವೆ ನಾನೇಕೆ ಎಂದುಕೊಂಡೆ. ಆ ದಿನ ಸುಮ್ಮನಿದ್ದದ್ದಕ್ಕೆ ನನ್ನ ಮೇಲೆ ನನಗಿರುವ ಸಿಟ್ಟೂ ಈ ಕಾಗದದಲ್ಲಿ ಸೇರಿದೆ, ಎಲ್ಲವೂ ನಿನ್ನ ಪಾಲಿನದೇ ಎಂದುಕೊಳ್ಳಬೇಡ.

ನನಗೆ ತೊಂದರೆ ಕೊಡಬೇಡ ಅಂದೆಯಲ್ಲ, ಮೊದಲು ಅದಕ್ಕೆ ಉತ್ತರ ಹೇಳುತ್ತೇನೆ. ನೀನು ಈ ಅಂಗಡಿಯಲ್ಲಿ ಮೂರು ವರ್ಷ ಕೆಲಸ ಕಲಿತೆ. ಮೂರು ವರ್ಷದಲ್ಲಿ ಒಡೆದ ಗಾಜು ಒಂದು ಬುಟ್ಟಿ. ಅವಳು ಮೂರು ತಿಂಗಳಲ್ಲಿ ಕಲಿತಳು. ನನ್ನ ಕೈ ನಡುಗುವ ದಿನ ಸಣ್ಣ ತಿರುಪೆಲ್ಲ ಅವಳದೇ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಬಂದು "ನನ್ನ ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದೆ, ಕೊಡಿ" ಎಂದು ಜಗಳ ತೆಗೆದ ಆ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಅವಳು ಒಂದೂ ಮಾತಾಡದೆ ಕನ್ನಡಿ ಹಿಡಿದು ತೋರಿಸಿದ್ದನ್ನು ನೆನೆದು ಈಗಲೂ ನಗುತ್ತೇನೆ. ಅವಳು ನನಗೆ ತೊಂದರೆಯಂತೆ! ಈ ಮಾತನ್ನು ಇನ್ನೊಮ್ಮೆ ಆಡಿದರೆ, ಸಮುದ್ರದ ನಡುವೆ ಇದ್ದರೂ ಸರಿ, ನಿನ್ನ ಕಿವಿ ಹಿಂಡುವ ದಾರಿ ಹುಡುಕುತ್ತೇನೆ.

ಈಗ ಅವಳ ತಲೆನೋವಿನ ಕಥೆ. ನೀನು ಇದನ್ನು ತುಂಡು ತುಂಡಾಗಿ ಕೇಳಿದ್ದೀ, ಸಾಲಾಗಿ ಕೇಳು. ಎರಡು ವರ್ಷದ ಹಿಂದೆ ಶುರುವಾದಾಗ ತಿಂಗಳಿಗೆ ಒಂದೋ ಎರಡೋ ಸಲ. ತಲೆಯ ಒಂದೇ ಬದಿಗೆ, ಕಣ್ಣಿನ ಹಿಂದಿನಿಂದ ಯಾರೋ ಗುದ್ದುತ್ತಿರುವ ಹಾಗೆ. ಬೆಳಕು ಆಗದು, ಸದ್ದು ಆಗದು, ವಾಂತಿ. ಆಗ ನಾನೇನು ಮಾಡಿದೆ? ಕನ್ನಡಕ ಮಾಡಿಕೊಟ್ಟೆ. ಸುತ್ತಿಗೆ ಹಿಡಿದವನಿಗೆ ಮೊಳೆಯ ಧ್ಯಾನ, ನನಗೆ ನಂಬರಿನ ಧ್ಯಾನ. ಎಡಗಣ್ಣಿಗೆ ಕಾಲು ನಂಬರು ಏರಿಸಿದೆ, ಬಲಗಣ್ಣಿಗೆ ಇಳಿಸಿದೆ, ಗಾಜಿಗೆ ನಸುಗೆಂಪು ಬಣ್ಣ ಕೊಟ್ಟೆ, ಒಟ್ಟು ನಾಲ್ಕು ಜೊತೆ. ಅವಳು ನಾಲ್ಕನ್ನೂ ಹಾಕಿಕೊಂಡಳು. ನೋವು ನಾಲ್ಕರ ಹಿಂದೆಯೂ ಹಾಗೇ ಕೂತಿತ್ತು. ಆಮೇಲೆ ಮೂಲೆಯ ಕ್ಲಿನಿಕ್ಕು, ಅಲ್ಲಿಂದ ಕಣ್ಣಿನ ಡಾಕ್ಟರು, ಅಲ್ಲಿಂದ ಮಿದುಳಿನ ಡಾಕ್ಟರು. ಅವರು ಅವಳನ್ನು ದೊಡ್ಡ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದು, "ಏನೂ ಇಲ್ಲಮ್ಮ, ಚೆನ್ನಾಗಿದೆ, ಇದು ಮೈಗ್ರೇನು, ಟೆನ್ಶನ್ ಮಾಡ್ಕೋಬೇಡಿ" ಎಂದು ಒಂದು ಚೀಟಿ ಬರೆದರು. ಹೊರಗೆ ಬಂದು ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಮಾವ, ಏನಾದ್ರೂ ಸಿಕ್ಕಿದ್ರೆ ಚೆನ್ನಾಗಿತ್ತು" ಎಂದಳು. ಅರ್ಥವಾಯಿತಾ ನಿನಗೆ? ಒಂದು ಗಡ್ಡೆಯಾದರೂ ಸಿಗಲಿ, ಆಗ ಜನ ನಂಬುತ್ತಾರೆ ಎಂಬ ಆಸೆ ಅದು. ಅಂಥ ಆಸೆ ಹುಟ್ಟುವ ತನಕ ನಾವೆಲ್ಲ ಸೇರಿ ಅವಳನ್ನು ತಳ್ಳಿದ್ದೇವೆ.

ದಿನ ಕಳೆದಂತೆ ತಲೆನೋವು ತಿಂಗಳಿಗೆ ಹದಿನಾಲ್ಕು ದಿನಕ್ಕೆ ಬಂತು. ಅದರ ಜೊತೆಗೆ ಇನ್ನೊಂದು ಬಂತು. ಅದಕ್ಕೆ ನನ್ನ ಹತ್ತಿರ ಪದವಿರಲಿಲ್ಲ. ನಾನು ಏಳನೇ ಕ್ಲಾಸಿಗೆ ಪಾಟಿ ಕೆಳಗಿಟ್ಟು ಶಾಲೆ ಬಿಟ್ಟವನು, ಉಳಿದ ಓದೆಲ್ಲ ಫ್ರೇಮು ಸುತ್ತಿ ಬರುವ ಹಳೇ ಪತ್ರಿಕೆಗಳದು. ನೋವಿಲ್ಲದ ದಿನವೂ ಅವಳು ಬಾಚಣಿಗೆ ಮುಟ್ಟುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ತಟ್ಟೆಯನ್ನೇ ಮರೆಯುತ್ತಿದ್ದಳು. ಅವಳಿಗೆ ಅಷ್ಟು ಇಷ್ಟವಾದ ರೇಡಿಯೋಗೆ ಧೂಳು ಹಿಡಿಯಿತು. ಹಗಲಿಡೀ "ನನ್ನಿಂದ ಯಾರಿಗೂ ಉಪಯೋಗ ಇಲ್ಲ" ಎನ್ನುವುದು, ಅದೂ ನನ್ನ ಅಂಗಡಿಯ ಅರ್ಧ ಕೆಲಸ ಮಾಡುತ್ತಾ! ಆಗ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಮಹಾನುಭಾವರು ಏನಂದರು ಗೊತ್ತಾ? "ಅಷ್ಟು ತಲೆನೋವಿದ್ರೆ ಯಾರಿಗಾದ್ರೂ ಬೇಜಾರಾಗುತ್ತೆ. ಮೊದಲು ತಲೆನೋವು ವಾಸಿ ಮಾಡ್ಕೊಂಡು ಬನ್ನಿ." ಮತ್ತೆ ಮಿದುಳಿನ ಡಾಕ್ಟರ ಹತ್ತಿರ ಹೋದರೆ, "ಇವರು ಮನಸ್ಸಿಗೆ ಹಚ್ಕೊಂಡಿದ್ದಾರೆ. ಮೊದಲು ಅದನ್ನ ಸರಿ ಮಾಡ್ಕೊಳ್ಳಿ, ನೋವು ತಾನಾಗೇ ಹೋಗುತ್ತೆ." ಒಬ್ಬರು ಆ ಬಾಗಿಲು ತೋರಿಸಿದರು, ಇನ್ನೊಬ್ಬರು ಈ ಬಾಗಿಲು. ನಾನು ಮತ್ತು ಅವಳು ನಡುವಿನ ಮೊಗಸಾಲೆಯಲ್ಲಿ ಚೀಟಿ ಹಿಡಿದುಕೊಂಡು ಐದು ತಿಂಗಳು ಓಡಾಡಿದೆವು. ಚಪ್ಪಲಿ ಸವೆಯಿತು, ಮಗಾ. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಒಬ್ಬ ಹೆಂಗಸನ್ನು ಕತ್ತಿನ ಮೇಲೆ ಗೆರೆ ಎಳೆದು ಎರಡು ಭಾಗ ಮಾಡಿ ಹಂಚಿಕೊಂಡು, ಕೊನೆಗೆ ಇಬ್ಬರೂ ತಮ್ಮ ಭಾಗವನ್ನು ಬೇಡವೆಂದರು.

ನನಗೆ ಇದು ಎಲ್ಲೋ ನೋಡಿದ್ದು ಅನಿಸುತ್ತಿತ್ತು. ಕೆಲವರ ಕಣ್ಣು ಹಾಗಿರುತ್ತದೆ, ನೀನೂ ನೋಡಿದ್ದೀ. ಎಡಗಣ್ಣು ಮುಚ್ಚಿ ಓದಿಸು, ಬಲಗಣ್ಣು ಹಲಗೆಯ ಕೊನೆಯ ಸಾಲಿನವರೆಗೂ ಓದುತ್ತದೆ. ಬಲಗಣ್ಣು ಮುಚ್ಚು, ಎಡಗಣ್ಣೂ ಓದುತ್ತದೆ. ಎರಡನ್ನೂ ತೆರೆದಾಗ ಮಾತ್ರ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಒಂದೊಂದನ್ನೇ ಪರೀಕ್ಷೆ ಮಾಡುವವನು "ಎರಡೂ ಸರಿಯಾಗಿವೆ, ಹೋಗ್ಬನ್ನಿ" ಎನ್ನುತ್ತಾನೆ. ಪಾಪ ಅವರು ಹೊರಗೆ ಹೋಗಿ ಮೆಟ್ಟಿಲು ಎಡವುತ್ತಾರೆ.

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಗುರುವಾರ ಮಾತ್ರ ಕೂರುವ, ತಲೆನೋವನ್ನೇ ನೋಡುವ ಒಬ್ಬ ಡಾಕ್ಟರಮ್ಮ ಸಿಕ್ಕರು. ನಿನಗಿಂತ ಚಿಕ್ಕ ವಯಸ್ಸು. ಬಿಸಿಲು ಬೀಳುವ ಕಿಟಕಿಗೆ ಮೊದಲು ಪರದೆ ಎಳೆದರು, ಆಮೇಲೆ ಮಾತಿಗೆ ಕೂತರು; ಅಲ್ಲಿಗೇ ನನಗೆ ಅರ್ಧ ನಂಬಿಕೆ ಬಂತು. ನೋವು ಎಲ್ಲಿ, ಎಷ್ಟು ಹೊತ್ತು, ಮನೆಯಲ್ಲಿ ಇನ್ನು ಯಾರಿಗಾದರೂ ಇದೆಯಾ ಎಂದೆಲ್ಲ ಕೇಳಿ, ಇದು ಮನೆತನದಲ್ಲಿ ಹರಿದು ಬರುವುದು ಹೆಚ್ಚು ಎಂದು ಹೇಳಿದ ಮೇಲೆ ಒಂದು ಪ್ರಶ್ನೆ ಹಾಕಿದರು: "ನೋವಿಲ್ಲದ ದಿನ ಹೇಗಿರ್ತೀರಮ್ಮ?" ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸೊಸೆ, "ನೋವಿಲ್ಲದ ದಿನ ಅಂದ್ರೆ ನೋವು ಬರೋಕೆ ಮುಂಚಿನ ದಿನ, ಅಷ್ಟೇ ಡಾಕ್ಟ್ರೇ" ಎಂದಳು. ಆಮೇಲೆ ಅತ್ತಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ, ಹೊರಗೆ ಅಷ್ಟು ಜನ ಕಾಯುತ್ತಿದ್ದರೂ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಪ್ಪು ನನ್ನದು. ಮೈಗ್ರೇನು ಇರುವವರಲ್ಲಿ ಈ ಖಿನ್ನತೆ ಬೇರೆಯವರಿಗಿಂತ ಹೆಚ್ಚಂತೆ. ಖಿನ್ನತೆ ಇರುವವರಿಗೂ ಮೈಗ್ರೇನು ಬರುವ ಸಂಭವ ಹೆಚ್ಚಂತೆ. ಒಂದು ಇನ್ನೊಂದರ ನೆರಳಲ್ಲ. ದಾರಿ ಎರಡೂ ಕಡೆಗೆ ಇದೆ. ಮನಸ್ಸು ಕುಸಿದಾಗ ಅದೇ ನೋವು ಹೆಚ್ಚು ಚುಚ್ಚುತ್ತದೆ, ಹೆಚ್ಚು ದಿನ ಬರುತ್ತದೆ, ಕೈಕಾಲು ಕಟ್ಟಿಹಾಕುತ್ತದೆ. ನೋವು ಹೆಚ್ಚಿದಾಗ ಮನಸ್ಸು ಮತ್ತಷ್ಟು ಕುಸಿಯುತ್ತದೆ. ಮಿದುಳಿನಲ್ಲಿ ಈ ಎರಡರ ತಂತಿಗಳೂ ಒಂದಕ್ಕೊಂದು ಹೆಣೆದುಕೊಂಡಿವೆಯಂತೆ. "ಇದರಲ್ಲಿ ಯಾವುದೂ ನಾಟಕ ಅಲ್ಲ, ಯಾವುದೂ ನಿಮ್ಮ ತಪ್ಪಲ್ಲ. ಎರಡಕ್ಕೂ ಒಟ್ಟಿಗೇ ಔಷಧಿ ಮಾಡೋಣ" ಎಂದರು. ಅವಳಿಗೆ ಹೊಂದುವ ಒಂದು ಮಾತ್ರೆ ಬರೆದರು, ವಾರಕ್ಕೊಮ್ಮೆ ಕೂತು ಮಾತಾಡಿಸುವ ಒಬ್ಬ ಹೆಂಗಸಿನ ಹತ್ತಿರ ಕಳಿಸಿದರು. ನೀನು ದೊಡ್ಡ ಪಂಡಿತನ ಹಾಗೆ "ತಲೆನೋವಿನ ಮಾತ್ರೆ ನುಂಗು" ಅಂದೆಯಲ್ಲ, ಆ ಮಾತ್ರೆ ಎಷ್ಟು ನುಂಗುತ್ತೀರಿ ಎಂದೂ ಅವರು ಆಗಲೇ ಕೇಳಿದ್ದರು. ಔಷಧಿ ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಯನ್ನು ಅವಳು ಹೆಚ್ಚುಕಡಿಮೆ ದಿನ ಬಿಟ್ಟು ದಿನ ನುಂಗುತ್ತಿದ್ದಳು. ಅಷ್ಟು ನುಂಗಿದರೆ ಆ ಮಾತ್ರೆಯೇ ತಲೆನೋವು ತರಿಸಲು ಶುರುಮಾಡುತ್ತದಂತೆ. ಕೇಳಿಸಿಕೊಂಡೆಯಾ, ಇಂಜಿನ್ ರೂಮಿನ ಡಾಕ್ಟರೇ?

ಆರು ವಾರವಾಗುವ ಹೊತ್ತಿಗೆ ಹದಿನಾಲ್ಕು ದಿನ ಎಂಟಾಯಿತು, ಇನ್ನೂ ಒಂದು ತಿಂಗಳಿಗೆ ಆರಾಯಿತು. ಪೂರ್ತಿ ಹೋಗಲಿಲ್ಲ, ಹೋಗುತ್ತದೆ ಎಂದು ಡಾಕ್ಟರಮ್ಮನೂ ಹೇಳಿರಲಿಲ್ಲ. ಆದರೆ ಒಂದು ಬೆಳಗ್ಗೆ ನಾನು ಚಕ್ರ ತಿರುಗಿಸುತ್ತಿದ್ದಾಗ ಹಿಂದಿನಿಂದ ರೇಡಿಯೋ ಸದ್ದು ಕೇಳಿಸಿತು. ಯಾರು ಹಾಕಿದ್ದೆಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ, ನೋಡಿದರೆ ಎಲ್ಲಿ ಆರಿಸಿಬಿಡುತ್ತಾಳೋ ಎಂದು. ಒಂದೇ ಗಾಜನ್ನು ಅರ್ಧ ಗಂಟೆ ಉಜ್ಜಿದೆ. ಆ ಗಾಜು ಕೆಟ್ಟೇ ಹೋಯಿತು.

ಅಂಥ ಹೊತ್ತಿನಲ್ಲಿ ನಿನ್ನ ಫೋನು ಬಂತು. ಮಾರನೇ ದಿನ ಅವಳು ಮಾತ್ರೆ ನಿಲ್ಲಿಸಿದಳು. ಡಾಕ್ಟರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಎಂಟು ದಿನದ ಮೇಲೆ ಗಾಜಿನ ಪುಡಿಯ ಬುಟ್ಟಿ ಖಾಲಿ ಮಾಡುವಾಗ ಇಡೀ ಎರಡು ಪಟ್ಟಿ ಮಾತ್ರೆ ನನಗೆ ಸಿಕ್ಕಿತು. ಕೇಳಿದ್ದಕ್ಕೆ, "ಅವರಿಗೆ ಇಷ್ಟ ಇಲ್ಲ ಮಾವ, ಬಿಡಿ" ಎಂದಳು. ಅಷ್ಟರಲ್ಲಿ ರೇಡಿಯೋ ಆರಿ ನಾಲ್ಕು ದಿನವಾಗಿತ್ತು. ಹತ್ತನೇ ದಿನ ಅಂಗಡಿಯ ಕತ್ತಲೆ ಕೋಣೆಯಲ್ಲಿ, ಕಣ್ಣು ಪರೀಕ್ಷೆಗೆ ಕೂರಿಸುವ ಕುರ್ಚಿಯಲ್ಲಿ, ಬೆಳಗ್ಗೆಯಿಂದ ಎರಡು ಗಂಟೆಯವರೆಗೂ ಕೂತಿದ್ದಳು. ಬಾಗಿಲ ಸಂದಿಯಿಂದ ಗೆರೆಯಷ್ಟು ಬೆಳಕು ಬೀಳುತ್ತಿತ್ತು, ಅದಕ್ಕೂ ಲೆನ್ಸು ಸುತ್ತಿ ಬರುವ ಕಪ್ಪು ಕಾಗದ ಅಂಟಿಸಿದ್ದಳು. ನಾನು ಒಳಗೆ ಹೋಗಿ ಗಿರಾಕಿಯ ಸ್ಟೂಲಿನ ಮೇಲೆ ಕೂತೆ. ಆಗ ಅವಳು ಹೇಳಿದ್ದು ನಿನಗೆ ತಿಳಿಯಲೇಬೇಕು. "ಮಾವ, ನೋವು ಅಭ್ಯಾಸ ಆಗೋಯ್ತು. ನನಗೆ ನಾನೇ ಅಭ್ಯಾಸ ಆಗ್ತಿಲ್ಲ. ಬೆಳಗ್ಗೆ ಎಚ್ಚರ ಆಗದೇ ಇದ್ರೆ ಎಷ್ಟು ಚೆನ್ನಾಗಿರುತ್ತೆ ಅನ್ಸುತ್ತೆ." ಇಂಥ ಮಾತು ಕೇಳಿದ ಮೇಲೆ ಬುದ್ಧಿ ಹೇಳುತ್ತಾ ಕೂರಬಾರದು ಎನ್ನುವಷ್ಟು ತಿಳಿವಳಿಕೆ ನನಗೆ ಇತ್ತು, ದೇವರು ದೊಡ್ಡವನು. ಅಂಗಡಿ ಮುಚ್ಚಿ, ಟ್ಯಾಕ್ಸಿ ಹಿಡಿದು, ಗುರುವಾರವಲ್ಲದಿದ್ದರೂ ದೊಡ್ಡಾಸ್ಪತ್ರೆಗೆ ಹೋದೆ. ಡಾಕ್ಟರಮ್ಮ ವಾರ್ಡಿನಿಂದ ಇಳಿದು ಬಂದರು. ಸುತ್ತುಬಳಸದೆ ನೇರವಾಗಿ ಕೇಳಿದರು, ಅವಳೂ ನೇರವಾಗಿ ಹೇಳಿದಳು. ಮೂರು ದಿನ ಅಲ್ಲೇ ಇಟ್ಟುಕೊಂಡರು. ಈಗ ಮನೆಗೆ ಬಂದಿದ್ದಾಳೆ. ಮಾತ್ರೆ ಮತ್ತೆ ಶುರುವಾಗಿದೆ, ನಾನು ನೋಡುತ್ತಿರುವಾಗಲೇ ನುಂಗುತ್ತಾಳೆ. ಅವಳ ಅಣ್ಣ ಅತ್ತಿಗೆ ಬಂದು ಜೊತೆಗಿದ್ದಾರೆ. ನೀನು ಅಟ್ಟಬೇಕೆಂದಿದ್ದ ಮನೆಯವರೇ ಇಲ್ಲಿಗೆ ಬಂದು ಕೂತಿದ್ದಾರೆ, ನೋಡು.

ಇಲ್ಲಿಗೆ ನಿನ್ನನ್ನು ಬೈದದ್ದು ಸಾಕು. ಇನ್ನು ನನ್ನ ಸರದಿ.

ಮೊನ್ನೆ ಸಣ್ಣ ತಿರುಪು ಹುಡುಕುತ್ತಾ ಸೊಸೆ ಮೇಜಿನ ಕೆಳಗಿನ ಖಾನೆ ಎಳೆದಳು. ಅಲ್ಲಿ ಒಂದು ಬಟ್ಟೆಯ ಗಂಟಿನಲ್ಲಿ ಏಳು ಕನ್ನಡಕ. "ಯಾರದ್ದು ಮಾವ?" ಎಂದಳು. ನಿಮ್ಮತ್ತೆಯದು ಎಂದೆ. ಅವಳು ಒಂದೊಂದನ್ನೇ ಕಣ್ಣಿಗಿಟ್ಟು ನೋಡಿದಳು, ಕೆಲಸಗಾರ್ತಿಯಲ್ಲವೇ. ಏಳನೆಯದನ್ನು ಇಟ್ಟು, ತೆಗೆದು, ದೀಪಕ್ಕೆ ಹಿಡಿದು, "ಇದರಲ್ಲಿ ನಂಬರೇ ಇಲ್ಲ, ಬರೀ ಗಾಜು" ಎಂದಳು. ನನ್ನ ಕೈಯಲ್ಲಿದ್ದ ಫ್ರೇಮು ಕೆಳಗೆ ಬಿತ್ತು.

ನಿಮ್ಮಮ್ಮನಿಗೂ ಇದೇ ಇತ್ತು ಮಗಾ. ಇದಕ್ಕೊಂದು ಹೆಸರಿದೆ ಎಂದು ನಮಗೆ ಗೊತ್ತಿರಲಿಲ್ಲ, ಅಷ್ಟೆ. ಹಣೆಗೆ ಟವೆಲ್ ಬಿಗಿದುಕೊಂಡು ಒಳಗಿನ ಕೋಣೆಯಲ್ಲಿ ಮಲಗುತ್ತಿದ್ದಳು, ಶಾಲೆಯಿಂದ ಬಂದ ನೀನೂ ಚೀಲ ಎಸೆದು ಅವಳ ಪಕ್ಕ ಕತ್ತಲಲ್ಲಿ ಮಲಗುತ್ತಿದ್ದೆ. ಅಮ್ಮನ ಹುಡುಗ ಎಂದು ನಾನು ರೇಗಿಸುತ್ತಿದ್ದೆ. ನೋವಿಲ್ಲದ ದಿನ ಅವಳು ಹೇಗಿರುತ್ತಿದ್ದಳು ಎಂದು ಈಗ ನೆನೆಸಿಕೊಂಡರೆ, ಕಿಟಕಿಯ ಪಕ್ಕ ಸುಮ್ಮನೆ ಕೂತ ಬೆನ್ನು ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ. ನಾನು ಆರು ಕನ್ನಡಕ ಮಾಡಿದೆ. ಆರೂ ಸೋತವು. ಕೆಲಸಗಾರನ ಸೊಕ್ಕು ಕೆಟ್ಟದ್ದು. ನನ್ನ ಗಾಜಿಗೆ ವಾಸಿಯಾಗದ ನೋವು ನೋವೇ ಅಲ್ಲ ಎಂದುಕೊಂಡೆ. ಏಳನೆಯದಕ್ಕೆ ಬರೀ ಗಾಜು ಹಾಕಿ, "ಇದು ಪರದೇಶದ ಲೆನ್ಸು, ಇದಕ್ಕೆ ಖಂಡಿತ ಹೋಗುತ್ತೆ" ಎಂದು ಕೊಟ್ಟೆ. ಅವಳು ಒಂದು ವಾರ ಹಾಕಿಕೊಂಡು, "ಈಗ ಪರವಾಗಿಲ್ಲ ಕಣ್ರೀ" ಎಂದಳು. ಆಗ ನಾನು ಊಟದ ಮೇಜಿನಲ್ಲಿ ನಿನ್ನ ಮುಂದೆ, ನಿನಗೆ ಹತ್ತು ವರ್ಷ, ಜೋರಾಗಿ ನಕ್ಕು ಹೇಳಿದೆ: "ನೋಡೋ, ನಿಮ್ಮಮ್ಮನ ತಲೆನೋವು ಬರೀ ಗಾಜಿಗೆ ವಾಸಿಯಾಯ್ತು! ಎರಡು ವರ್ಷದಿಂದ ಎಲ್ಲಾ ನೆಪ!" ನೀನೂ ನಕ್ಕೆ. ಅಪ್ಪ ನಕ್ಕಾಗ ಮಕ್ಕಳು ನಗುತ್ತವೆ. ಅವಳು ಕನ್ನಡಕ ತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಬಡಿಸಿದಳು.

ಪರವಾಗಿಲ್ಲ ಎಂದು ಅವಳು ಯಾಕೆ ಹೇಳಿದಳು ಎಂಬುದು ನನಗೆ ಮೊನ್ನೆ ಹೊಳೆಯಿತು. ನೋವು ಹೋಗಿರಲಿಲ್ಲ. ಏಳು ಸಲ ಗಾಜು ಉಜ್ಜಿದ ಗಂಡನ ಮುಖ ನೋಡಲಾರದೆ ಹೇಳಿದಳು. ಆಮೇಲೆ ಹನ್ನೆರಡು ವರ್ಷ ಬದುಕಿದಳು, ಶ್ವಾಸಕೋಶದ ಕಾಯಿಲೆಯಲ್ಲಿ ಹೋದಳು, ಆ ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಲೆನೋವು ಎನ್ನಲಿಲ್ಲ. ಟವೆಲ್ ಬಿಗಿಯುವುದನ್ನು ಬಿಟ್ಟಳು. ನಾನು ಅದನ್ನು ನನ್ನ ಗೆಲುವು ಎಂದುಕೊಂಡು ಅಂಗಡಿಗೆ ಬಂದವರಿಗೆಲ್ಲ ಕಥೆ ಹೇಳಿದೆ. ಎಷ್ಟು ಜನ ಹೆಂಗಸರು ಆ ಕಥೆ ಕೇಳಿ ತಮ್ಮ ತಲೆನೋವನ್ನು ನುಂಗಿಕೊಂಡು ಮೆಟ್ಟಿಲಿಳಿದರೋ. ಈಗ ಹೋಗಿ ಯಾರ ಕಾಲು ಹಿಡಿಯಲಿ?

ಫೋನಿನಲ್ಲಿ ನೀನು ಆಡಿದ ಆ "ನೆಪ" ನನ್ನದು. ನನ್ನ ಮೇಜಿನಿಂದ ಎತ್ತಿಕೊಂಡು ಹೋಗಿ ಹೆಂಡತಿಯ ಮೇಲೆ ಎಸೆದೆ. ಹಾಗಾಗಿ ನಿನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಅದು ಸುತ್ತಿ ಬಂದು ನನಗೇ ಹೊಡೆಯುತ್ತಿದೆ. ನನಗೆ ತಿದ್ದಿಕೊಳ್ಳಲು ಆಕೆ ಇಲ್ಲ. ನಿನಗೆ ನಿನ್ನವಳು ಇದ್ದಾಳೆ, ಇವತ್ತು ಬೆಳಗ್ಗೆ ನನಗಿಂತ ಮೊದಲೇ ಎದ್ದು ತಲೆ ಬಾಚಿಕೊಂಡಿದ್ದಾಳೆ. ಅವಳಿಗೆ ನೀನೇ ಕೈಯಾರೆ ಬರೆ. "ಬೇಗ ಹುಷಾರಾಗು" ಎಂದು ಬರೆಯಬೇಡ, ಅದು ಆಜ್ಞೆಯ ಹಾಗೆ ಕೇಳಿಸುತ್ತದೆ. ನಂಬುತ್ತೇನೆ ಎಂದು ಬರೆ. ಮಾತ್ರೆ ಬಿಡಬೇಡ ಎಂದು ಬರೆ. ಮುಂದಿನ ತಿಂಗಳ ಕೊನೆಯ ಗುರುವಾರ ಡಾಕ್ಟರಮ್ಮ ನಿನ್ನನ್ನು ನೋಡಬೇಕು ಅಂದಿದ್ದಾರೆ. ಸಿಡುಕಪ್ಪನ ಕಾಲಿಗೆ ಬೀಳುತ್ತೀಯೋ ತಲೆಯ ಮೇಲೆ ಕೂರುತ್ತೀಯೋ, ರಜೆ ತೆಗೆದುಕೊಂಡು ಬಾ.

ಗೊರಕೆರಾಯರಿಗೂ ದಪ್ಪಣ್ಣನಿಗೂ ನನ್ನ ನಮಸ್ಕಾರ ಹೇಳು. ಎಷ್ಟು ಬೈದರೂ ನೀನು ನನ್ನವನೇ, ನಿನ್ನ ತಲೆಯ ಮೇಲೆ ನನ್ನ ಕೈ ಇದ್ದೇ ಇದೆ. ಮೈ ನೋಡಿಕೊ, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ಗಾಜಿನಷ್ಟೂ ಬುದ್ಧಿಯಿಲ್ಲದ ನಿನ್ನ
ಅಪ್ಪ

ಮರೆತೆ. ಅಂಚೆಯವನು ಎದುರು ಮನೆಯವರೆಗೆ ಬಂದಿದ್ದಾನೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ನಿನ್ನ ಕಪ್ಪು ಕನ್ನಡಕವನ್ನು ಡಬ್ಬಿಗೆ ಹಾಕು ಎಂದು ಸೊಸೆಯ ಕೈಗೆ ಕೊಟ್ಟಿದ್ದೆ. ಅವಳು ಅದನ್ನು ಒರೆಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಮಾವ, ಇವರು ಇರೋದು ಇಂಜಿನ್ ರೂಮಲ್ಲಿ. ಅಲ್ಲಿ ಬಿಸಿಲೆಲ್ಲಿಂದ ಬರುತ್ತೆ?" ಎಂದಳು. ಈ ವರ್ಷಕ್ಕೆ ಇದು ಮೂರನೆಯದು, ಪ್ರತಿ ಸಲ ಇನ್ನೂ ಗಾಢ. ಇಷ್ಟು ವರ್ಷ ಗಾಜು ಉಜ್ಜಿದವನಿಗೆ ಕಾಣಲಿಲ್ಲ, ನೀನು ಬೈದ ಹೆಂಗಸಿಗೆ ಕಂಡಿತು. ಬರೀ ಗಾಜಿಗೆ ನಕ್ಕ ಆ ರಾತ್ರಿಯ ಊಟದ ಮೇಲೆ ನೀನು ಮತ್ತೆಂದೂ ಅಮ್ಮನ ಪಕ್ಕ ಕತ್ತಲಲ್ಲಿ ಮಲಗಲಿಲ್ಲ. ದೊಡ್ಡವನಾದ ಎಂದುಕೊಂಡೆ. "ನಾವು ಸಹಿಸ್ಕೊಂಡು ಕೆಲಸ ಮಾಡಲ್ವಾ" ಅಂದೆಯಲ್ಲ, ಯಾರು ಕಣೋ ಅದು, ನೀನೇನಾ? ಕನ್ನಡಕವನ್ನು ಡಬ್ಬಿಯಿಂದ ತೆಗೆದಿದ್ದೇನೆ, ಕಳಿಸುವುದಿಲ್ಲ. ನಿನಗೂ ಎಷ್ಟು ವರ್ಷದಿಂದ ಮಗಾ? ತಿಂಗಳಿಗೆ ಎಷ್ಟು ದಿನ? ನೋವಿಲ್ಲದ ದಿನ ಹೇಗಿರುತ್ತೀ? ನಾನು ನಗುವುದಿಲ್ಲ. ಬಂದರು ಸಿಕ್ಕ ಕೂಡಲೇ ಬರೆ.